ಅಳತೆ ಬ್ಲೌಸ್ ಎಸೆಯಬೇಡಿ: ಮಂಗಳೂರಿನ ಹಳೇ ಫ್ಯಾಷನ್ನಿನ ಪ್ಯಾಟರ್ನ್ ಎಲ್ಲಿ ಉಳಿದಿದೆ?

(ಈ ವಾರದ ಪಾಡ್‌ಕಾಸ್ಟ್ ಮಾತಿನ ಪಠ್ಯರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಮಾತು ಬಟ್ಟೆಯ ಬಗ್ಗೆ. ಆದರೆ ಸೀರೆಯ ಬಗ್ಗೆ ಅಲ್ಲ. ಸೀರೆಯ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಅಜ್ಜಿಯ ಧಾರೆ ಸೀರೆಯನ್ನು ನಾವು ಮಲ್ಲು ಬಟ್ಟೆಯಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಮಡಿಕೆ ಬದಲಿಸಿ, ಕಪಾಟಿನ ಮೇಲಿನ ಖಾನೆಯಲ್ಲಿ ಜೋಪಾನ ಮಾಡ್ತೇವೆ. ಸರಿ. ಆ ಸೀರೆಯ ಜೊತೆ ಹೊಲಿಸಿದ ರವಿಕೆ ಎಲ್ಲುಂಟು? ಒಮ್ಮೆ ಮನೆಯಲ್ಲಿ ಕೇಳಿ ನೋಡಿ. ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಅದಾ? ಅದು ಆವಾಗಲೇ ನೆಲ ಒರೆಸ್ಲಿಕ್ಕೆ ಹೋಯ್ತು ಮಾರಾಯ್ರೆ."

ಈ ಮಾತು ಈಗ ಯಾಕೆ ಅಂದ್ರೆ, ಹಳೇ ಫ್ಯಾಷನ್ ಮತ್ತೆ ಬಂದಿದೆ. ಕಾಲೇಜುಗಳಲ್ಲಿ ರೆಟ್ರೋ ಡೇ, ಮದುವೆ ಮನೆಗಳಲ್ಲಿ ಪಫ್ ಕೈ, ಬೋಟ್ ನೆಕ್, ಮುಕ್ಕಾಲು ತೋಳಿಗೆ ಲೇಸು. ಮೊಬೈಲಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಹಿಡಿದುಕೊಂಡು ಹುಡುಗಿಯರು ಟೈಲರ್ ಅಂಗಡಿಗೆ ಹೋಗ್ತಾರೆ. "ಅಂಕಲ್, ನಮ್ಮ ಅಜ್ಜಿಯದ್ದು ಇದೇ ರೀತಿ ಹೊಲಿದು ಕೊಡ್ತೀರಾ?" ಅಂತ. ಟೈಲರ್ ಫೋಟೋ ನೋಡಿ ಒಂದೇ ಮಾತು ಹೇಳ್ತಾರೆ: "ಫೋಟೋದಲ್ಲಿ ಕಟ್ಟಿಂಗ್ ಕಾಣುದಿಲ್ಲಮ್ಮ, ಸ್ಯಾಂಪಲ್ ಉಂಟಾ?"

ಫೋಟೋದಲ್ಲಿ ಕಟ್ಟಿಂಗ್ ಕಾಣುವುದಿಲ್ಲ. ಇವತ್ತಿನ ಇಡೀ ಮಾತು ಇದೇ.

ಕಾಗದದ ಪ್ಯಾಟರ್ನ್ ಬಂದ ಕಥೆ

ಮೊದಲು ಸ್ವಲ್ಪ ಹೊರಗಿನ ಕಥೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎಬೆನೆಜರ್ ಬಟರಿಕ್ ಅಂತ ಒಬ್ಬ ದರ್ಜಿ ಇದ್ದ. 1863ರಲ್ಲಿ ಆತ ಒಂದು ಹೊಸ ವ್ಯಾಪಾರ ಶುರು ಮಾಡಿದ. ಬಟ್ಟೆ ಮಾರುವುದಲ್ಲ, ಹೊಲಿದು ಕೊಡುವುದೂ ಅಲ್ಲ. ಬಟ್ಟೆಯನ್ನು ಹೇಗೆ ಕತ್ತರಿಸಬೇಕು ಅನ್ನೋ ಕಾಗದದ ತುಂಡುಗಳನ್ನು ಬೇರೆ ಬೇರೆ ಸೈಜಿನಲ್ಲಿ ಮಾಡಿ, ಮಡಚಿ ಮಾರುವುದು. ತೋಳಿಗೊಂದು, ಬೆನ್ನಿಗೊಂದು, ಎದೆಗೊಂದು. ಬಟ್ಟೆಯ ಮೇಲೆ ಇಟ್ಟು, ಸುತ್ತ ಕತ್ತರಿಸಿ, ಹೊಲಿದರಾಯ್ತು. ಅದೇ ಹೊತ್ತಿಗೆ ಹೊಲಿಗೆ ಮೆಷಿನ್ನು ಮನೆಮನೆಗೆ ಬರ್ತಾ ಇತ್ತು. ಟೈಲರ್ ಹತ್ತಿರ ಹೋಗಲು ದುಡ್ಡಿಲ್ಲದ, ಆದರೆ ಚಂದದ ಬಟ್ಟೆ ಬೇಕಾದ ಲಕ್ಷಾಂತರ ಹೆಂಗಸರಿಗೆ ಈ ಕಾಗದ ದೊಡ್ಡ ಉಪಕಾರ ಮಾಡಿತು.

ಆರಂಭದ ಪ್ಯಾಟರ್ನ್‌ಗಳಲ್ಲಿ ಅಕ್ಷರವೇ ಇರಲಿಲ್ಲ. ತೆಳು ಕಾಗದದಲ್ಲಿ ಸಣ್ಣ ಸಣ್ಣ ತೂತುಗಳು, ಅಷ್ಟೇ. ಯಾವ ತೂತು ಎಂತ ಹೇಳ್ತದೆ ಅಂತ ನೀವೇ ತಿಳ್ಕೊಬೇಕು. ಗೆರೆ, ಅಕ್ಷರ ಅಚ್ಚು ಹಾಕಿದ ಪ್ಯಾಟರ್ನ್ ಬಳಕೆಗೆ ಬಂದದ್ದು 1920ರ ದಶಕದಲ್ಲಿ, ಮೆಕ್‌ಕಾಲ್ ಕಂಪನಿಯಿಂದ. 1950ರ ದಶಕದಲ್ಲಿ ಜರ್ಮನಿಯ ಬುರ್ಡಾ ಪತ್ರಿಕೆ ಒಂದೇ ಹಾಳೆಯ ಮೇಲೆ ಹತ್ತಾರು ಉಡುಪುಗಳ ಗೆರೆ ಅಚ್ಚು ಹಾಕಿ ಕೊಡಲು ಶುರು ಮಾಡಿತು.

ಇವತ್ತು ಈ ಹಳೇ ಪ್ಯಾಟರ್ನ್‌ಗಳನ್ನು ಹುಡುಕಿ ಕೊಳ್ಳುವವರು ಪ್ರಪಂಚದಾದ್ಯಂತ ಇದ್ದಾರೆ. ಅಮೆರಿಕದ ರೋಡ್ ಐಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇವುಗಳಿಗಾಗಿಯೇ ಒಂದು ಸಂಗ್ರಹ ಉಂಟು. ಹತ್ತಾರು ಸಾವಿರ ಪ್ಯಾಟರ್ನ್‌ಗಳು ಅಲ್ಲಿವೆ. ನಾಟಕ, ಸಿನಿಮಾದವರು ಹಳೇ ಕಾಲದ ಉಡುಪು ಹೊಲಿಸಬೇಕಾದರೆ ಅಲ್ಲಿ ನೋಡಬಹುದು.

ಒಂದು ತಮಾಷೆ ಹೇಳ್ತೇನೆ. ಹಳೇ ಅಮೆರಿಕನ್ ಪ್ಯಾಟರ್ನ್ ಲಕೋಟೆಯ ಮೇಲೆ 'ಸೈಜ್ 14' ಅಂತ ಇದ್ದರೆ ನಂಬಬೇಡಿ. 1950ರ ದಶಕದ ಆರಂಭದಲ್ಲಿ 14 ಅಂದ್ರೆ ಎದೆ ಸುತ್ತಳತೆ 32 ಇಂಚು. 1970ರ ದಶಕಕ್ಕೆ ಬರುವಾಗ ಅದೇ 14 ಅಂದ್ರೆ 36 ಇಂಚು. ನಂಬರು ಬದಲಾಗಲಿಲ್ಲ, ಅಳತೆ ಬದಲಾಯ್ತು. ಹಾಗಾಗಿ ಅಂತರ್ಜಾಲದಲ್ಲಿ ಹಳೇ ಪ್ಯಾಟರ್ನ್ ಕೊಳ್ಳುವವರು ನಂಬರು ಬಿಟ್ಟು ಇಂಚು ನೋಡಬೇಕು.

ನಮ್ಮಲ್ಲಿ ಯಾಕೆ ಬರಲಿಲ್ಲ?

ಈಗ ನಮ್ಮ ಊರಿಗೆ ಬರೋಣ. ಹೊಲಿಗೆ ಮೆಷಿನ್ನು ನಮ್ಮಲ್ಲಿಗೂ ಬಂತು. 1870ರ ದಶಕದಲ್ಲೇ ಸಿಂಗರ್ ಕಂಪನಿ ಭಾರತದಲ್ಲಿ ಮಾರಾಟ ಶುರು ಮಾಡಿತ್ತು. 1930ರ ದಶಕದಲ್ಲಿ ಕೋಲ್ಕತ್ತಾದಲ್ಲಿ ಉಷಾ ಮೆಷಿನ್ ತಯಾರಾಗಲು ತೊಡಗಿತು. ಯಂತ್ರಗಳನ್ನು ಸುಲಭಕ್ಕೆ ಒಪ್ಪದ ಗಾಂಧೀಜಿ ಕೂಡ ಹೊಲಿಗೆ ಯಂತ್ರವನ್ನು ಮಾತ್ರ ಉಪಯೋಗದ ಯಂತ್ರ ಅಂತ ಒಪ್ಪಿಕೊಂಡಿದ್ದರು. ಮೆಷಿನ್ ಬಂತು, ಫ್ಯಾಷನ್ ಬಂತು, ಆದರೆ ಕಾಗದದ ಪ್ಯಾಟರ್ನ್ ಕೊಂಡು ತಂದು ಹೊಲಿಯುವ ಅಭ್ಯಾಸ ಮಾತ್ರ ಬೇರು ಬಿಡಲಿಲ್ಲ. ಯಾಕೆ?

ಒಂದು, ಸೀರೆಯ ರವಿಕೆ ಮೈಗೆ ಅಂಟಿ ಕೂರುವ ಉಡುಪು. ಗೌನಿನಲ್ಲಿ ಒಂದಿಂಚು ಹೆಚ್ಚು ಕಡಿಮೆಯಾದರೆ ಬೆಲ್ಟ್ ಕಟ್ಟಿ ಸುಧಾರಿಸಬಹುದು. ರವಿಕೆಯಲ್ಲಿ ಅರ್ಧ ಇಂಚು ತಪ್ಪಿದರೂ ಭುಜ ಜಾರ್ತದೆ, ಇಲ್ಲ ಕಂಕುಳಲ್ಲಿ ಹಿಡೀತದೆ. ಸೈಜು ನಂಬರಿನ ಕಾಗದ ಅಲ್ಲಿ ಸಾಕಾಗುವುದಿಲ್ಲ. ಎರಡು, ನಮ್ಮಲ್ಲಿ ಬೀದಿಗೊಬ್ಬ ಟೈಲರ್ ಇದ್ದರು, ಅವರ ಮಜೂರಿ ಕಡಿಮೆ ಇತ್ತು. ಕಾಗದ ಕೊಂಡು ತಲೆ ಕೆಡಿಸಿಕೊಳ್ಳುವುದಕ್ಕಿಂತ ಬಟ್ಟೆ ಕೊಟ್ಟು ಬರುವುದು ಸುಲಭ. ಮೂರು, ನಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಪ್ಯಾಟರ್ನ್ ಇತ್ತು. ಅದೇ ಅಳತೆ ಬ್ಲೌಸ್.

"ಅಕ್ಕ, ಅಳತೆ ಬ್ಲೌಸ್ ತಂದಿದ್ದೀರಾ?" "ತಂದಿದ್ದೇನೆ. ಇದರ ಹಾಗೇ ಆಗ್ಲಿ, ಆದ್ರೆ ಕೈ ಒಂದಿಂಚು ಉದ್ದ ಇಡಿ, ಹಿಂದೆ ಸ್ವಲ್ಪ ಮೇಲೆ ಬರ್ಲಿ." ಈ ಸಂಭಾಷಣೆ ಕೇಳದ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಯೋಚನೆ ಮಾಡಿ, ಆ ಅಳತೆ ಬ್ಲೌಸನ್ನು ನೋಡಿ ಹೊಸತು ಹೊಲೀತಾರೆ. ಅದು ಹಳತಾದ ಮೇಲೆ ಹೊಸತೇ ಅಳತೆ ಬ್ಲೌಸ್ ಆಗ್ತದೆ. ಹೀಗೆ ಒಂದರಿಂದ ಒಂದಕ್ಕೆ ಅಳತೆ ದಾಟಿ ಬಂದಿದೆ. ಅಲ್ಲಿ ಕಾಗದ ಉಳಿದು ಬಟ್ಟೆ ಹೋಯ್ತು. ನಮ್ಮಲ್ಲಿ ಬಟ್ಟೆಯೇ ಕಾಗದ. ಬಟ್ಟೆ ನೆಲ ಒರೆಸಲು ಹೋದರೆ ಪ್ಯಾಟರ್ನೂ ಹೋಯ್ತು.

ಇನ್ನೊಂದು ಪ್ಯಾಟರ್ನ್ ನಮ್ಮಲ್ಲಿ ಇತ್ತು, ಹೊಲಿಗೆ ಕ್ಲಾಸಿನ ರೆಕಾರ್ಡ್ ಪುಸ್ತಕ. ಮದುವೆಗೆ ಮುಂಚೆ ಆರು ತಿಂಗಳು ಹೊಲಿಗೆ ಕ್ಲಾಸಿಗೆ ಹೋದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ನಿಮ್ಮ ಮನೆಯಲ್ಲೂ ಇರಬಹುದು. ಜಬಲದಿಂದ ಶುರು, ಆಮೇಲೆ ಚಡ್ಡಿ, ಲಂಗ, ಅಂಬ್ರೆಲಾ ಫ್ರಾಕ್, ಕೊನೆಗೆ ಬ್ಲೌಸ್. ಒಂದು ಕಡೆ ಪುಟದಲ್ಲಿ ಅಳತೆಯ ಲೆಕ್ಕ, ಇನ್ನೊಂದು ಕಡೆ ಬ್ರೌನ್ ಪೇಪರಿನಲ್ಲಿ ಕತ್ತರಿಸಿದ ಅಂಗೈಯಷ್ಟು ದೊಡ್ಡ ಬ್ಲೌಸ್ ಅಂಟಿಸಿರ್ತಾರೆ. ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ ಅಂತ ಎಲ್ಲ ಕ್ಲಾಸಿನವರೂ ಶುರು ಮಾಡ್ತಾರೆ, ಆದರೆ ಕಂಕುಳಿನ ಆಳಕ್ಕೆ, ಡಾಟ್ ಇಡುವ ಜಾಗಕ್ಕೆ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಕೆಲವರು ಮುಂಬೈಯ ಝಾರಾಪ್‌ಕರ್ ಪದ್ಧತಿಯವರು, ಕೆಲವರು ಗುರುಗಳಿಂದ ಬಾಯಿಪಾಠ ಕಲಿತವರು. ಆ ಲೆಕ್ಕ ನೋಡಿದರೆ ಯಾರು ಯಾರಿಂದ ಕಲಿತರು ಅಂತ ಹೇಳಬಹುದು.

ಬಲ್ಮಠದ ಮಗ್ಗ, ಮುಂಬೈಯ ಹಡಗು

ಮಂಗಳೂರಿಗೂ ಬಟ್ಟೆಗೂ ಇರುವ ನಂಟು ಹಳತು. ಬಾಸೆಲ್ ಮಿಶನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ. ಹಂಚಿನ ಕಾರ್ಖಾನೆಯ ಕಥೆ ಎಲ್ಲರಿಗೂ ಗೊತ್ತು, ಅದು 1865ರದ್ದು. ಆದರೆ ಹಂಚಿಗಿಂತ ಮುಂಚೆ ನೇಯ್ಗೆ ಇತ್ತು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಕಾರ ಬಲ್ಮಠದಲ್ಲಿ ಯುರೋಪಿನ ಮಾದರಿಯ ಮಗ್ಗ ನಡೆಸಿದ. ಮಾಸದ ಖಾಕಿ ಬಣ್ಣವನ್ನು ಇಲ್ಲೇ ತಯಾರಿಸಿದ ಕೀರ್ತಿ ಆತನದ್ದು. ಮಣ್ಣಿನ ಬಣ್ಣದ ಸೈನಿಕ ಉಡುಪು 1840ರ ದಶಕದಲ್ಲೇ ಪೇಶಾವರದ ಕಡೆ ಶುರುವಾಗಿತ್ತು, ಖಾಕಿ ಅನ್ನೋ ಹೆಸರೂ ಆ ಕಡೆಯದ್ದೇ. ಹಾಗಾಗಿ 'ಖಾಕಿ ಹುಟ್ಟಿದ್ದೇ ಮಂಗಳೂರಲ್ಲಿ' ಅಂತ ಪೂರ್ತಿ ಹೇಳಲಾಗದು. ಬಲ್ಮಠದ ಬಟ್ಟೆ ಖಾಕಿಗೆ ಹೆಸರು ತಂದಿತು ಅಂದ್ರೆ ಸರಿಯಾದೀತು. ಕಾಕತಾಳೀಯ ನೋಡಿ, ಅಮೆರಿಕದಲ್ಲಿ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದೂ ಅದೇ 1851ರಲ್ಲಿ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಹೊಲಿದ ರವಿಕೆ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಅನಾದಿಯಿಂದ ಇದ್ದದ್ದಲ್ಲ. ನೂರೈವತ್ತು ವರ್ಷಗಳ ಹಿಂದೆ ಎಷ್ಟೋ ಸಮುದಾಯಗಳ ಹೆಂಗಸರಿಗೆ ಅದು ದಿನನಿತ್ಯದ ಉಡುಪಾಗಿರಲಿಲ್ಲ. ಕೆಲವರಿಗೆ ಅಭ್ಯಾಸ ಇರಲಿಲ್ಲ, ಕೆಲವರಿಗೆ ಅನುಮತಿಯೇ ಇರಲಿಲ್ಲ. ನಮ್ಮ ದಕ್ಷಿಣಕ್ಕೆ ತಿರುವಾಂಕೂರಿನಲ್ಲಿ ಮೇಲು ಬಟ್ಟೆಯ ಹಕ್ಕಿಗೆ ದೊಡ್ಡ ಹೋರಾಟವೇ ನಡೆದು, 1859ರಲ್ಲಿ ರಾಜಾಜ್ಞೆ ಹೊರಡಬೇಕಾಯ್ತು. ಹಾಗಾಗಿ ಹಳೇ ರವಿಕೆ ಅಂದ್ರೆ ಬರೀ ಫ್ಯಾಷನ್ ಅಲ್ಲ. ಮೊದಲ ರವಿಕೆ ಹೊಲಿಸಿದ ಅಜ್ಜಿಗೆ ಅದರ ಅರ್ಥವೇ ಬೇರೆ ಇತ್ತು.

ಮಿಶನ್ ಶಾಲೆ, ಕಾನ್ವೆಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆ ಸೂಜಿ ದಾರವನ್ನೂ ಕಲಿಸ್ತಿದ್ದರು. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಕ್ರೈಸ್ತ ಹುಡುಗಿಯರು ಉಡ್ತಿದ್ದದ್ದು ಕಿರ್ಗಿ ಮತ್ತು ಬಾಜು, ಅಂದ್ರೆ ಸೊಂಟಕ್ಕೆ ಸುತ್ತುವ ಬಟ್ಟೆ, ಮೇಲೆ ತೋಳಿರುವ ಅಂಗಿ. ಮದುವೆಗೆ ಕೆಂಪು ಸಾಡೊ. ಆಮೇಲೆ ಫ್ರಾಕು, ಗೌನು ಬಂತು. ತೋಳಿನ ಪಫ್, ಕುತ್ತಿಗೆಯ ಲೇಸು ಇವೆಲ್ಲ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಉಡುಪಿನಿಂದ ಇಳಿದು ಬಂದು ಎಲ್ಲ ಜಾತಿ ಮತದವರ ರವಿಕೆಗೂ ಹತ್ತಿಕೊಂಡವು.

ಮತ್ತೆ ಮುಂಬೈ. ನಮ್ಮ ಜನ ಹೊಟೇಲು, ಗಿರಣಿ, ಆಫೀಸು ಅಂತ ಮುಂಬೈಗೆ ಹೋದರು. ರಜೆಗೆ ಹಡಗಿನಲ್ಲೋ ಬಸ್ಸಿನಲ್ಲೋ ಬರುವಾಗ ಟ್ರಂಕಿನಲ್ಲಿ ಬಟ್ಟೆ, ಮೈಮೇಲೆ ಹೊಸ ಕಟ್ಟಿಂಗ್. ಮುಂಬೈಯ ಅತ್ತಿಗೆ ಹಾಕಿದ ಬ್ಲೌಸನ್ನು ಊರಿನ ಟೈಲರ್ ಎರಡು ದಿನ ಇಟ್ಟುಕೊಂಡು ನೋಡಿ ಕಲಿತರು. 1970ರ ನಂತರ ಗಲ್ಫಿನಿಂದ ನೈಲಾನು, ಜಾರ್ಜೆಟ್ಟು ಬಂತು. ಅಂತ ಜಾರುವ ಬಟ್ಟೆ ಹೊಲಿಯಲು ಸಣ್ಣ ಸೂಜಿ, ಸಡಿಲ ದಾರ ಬೇಕು ಅಂತ ನಮ್ಮ ಟೈಲರ್‌ಗಳು ಕಲಿತದ್ದೂ ಆವಾಗಲೇ.

ತೋಳು ನೋಡಿ ದಶಕ ಹೇಳಬಹುದು

ಹಳೇ ಆಲ್ಬಂ ತೆಗೆದರೆ ನೀವೇ ಗುರುತಿಸಬಹುದು. ಸ್ವಾತಂತ್ರ್ಯದ ಹಿಂದುಮುಂದಿನ ಫೋಟೋಗಳಲ್ಲಿ ರವಿಕೆ ಉದ್ದ, ಸೊಂಟದವರೆಗೆ ಬರ್ತದೆ, ತೋಳು ಪಫ್ ಅಥವಾ ಮುಕ್ಕಾಲು. 1950, 60ರಲ್ಲಿ ರವಿಕೆ ಗಿಡ್ಡವಾಗಿ ಬಿಗಿಯಾಯ್ತು. 60ರ ಕೊನೆಗೆ ಪೇಟೆಯವರು ತೋಳಿಲ್ಲದ್ದು, ಬೋಟ್ ನೆಕ್, ಕಾಲರಿನ ಏರ್‌ಹೋಸ್ಟೆಸ್ ಬ್ಲೌಸ್ ಹೊಲಿಸಿದರು. 1973ರಲ್ಲಿ 'ಬಾಬ್ಬಿ' ಬಂತು, ಚುಕ್ಕಿ ಚುಕ್ಕಿ ಬಟ್ಟೆ, ಮುಂದೆ ಗಂಟು. ಗಂಡಸರಿಗೆ ಬೆಲ್‌ಬಾಟಂ. 80ರಲ್ಲಿ ಟು ಬೈ ಟು ರುಬಿಯಾ, ಮ್ಯಾಚಿಂಗ್ ಸೆಂಟರ್, ಮತ್ತೊಮ್ಮೆ ಪಫ್. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ನೋಡಿ ಬಂದವರೆಲ್ಲ ಮಾಧುರಿಯ ಆ ನೇರಳೆ ಸೀರೆ, ಬೆನ್ನು ತೆರೆದ ಬ್ಲೌಸ್ ಕೇಳಿದರು. ಆಮೇಲೆ ಚೂಡಿದಾರ್, ಆಮೇಲೆ ರೆಡಿಮೇಡ್.

ಫೋಟೋದಲ್ಲಿ ಇಷ್ಟು ಕಾಣ್ತದೆ. ಕಾಣದ್ದು ಎಂತ? ಆ ಪಫ್ ನಿಲ್ಲಲಿಕ್ಕೆ ಒಳಗೆ ಕ್ಯಾನ್ವಾಸ್ ಕೊಟ್ಟಿದ್ದಾರಾ, ಬರೀ ನೆರಿಗೆಯಾ? ಎದೆಯ ಭಾಗ ಕ್ರಾಸ್ ಕಟ್ಟಾ, ಕಟೋರಿಯಾ, ಸಾದಾ ಡಾಟಾ? ಇದು ಬಟ್ಟೆ ತಿರುಗಿಸಿ ನೋಡಿದರೆ ಮಾತ್ರ ಗೊತ್ತಾಗ್ತದೆ.

ರವಿಕೆಯ ಒಳಬದಿ ಇನ್ನೂ ಕೆಲವು ಹೇಳ್ತದೆ. ಪಕ್ಕದ ಹೊಲಿಗೆ ನೋಡಿ. ಒಂದರ ಪಕ್ಕ ಒಂದು ಮೂರು, ನಾಲ್ಕು ಗೆರೆ ಇರ್ತದೆ. ಒಂದು ಬಿಚ್ಚಿದ ಗುರುತು, ಇನ್ನೊಂದು ಹಾಗೇ ಉಂಟು. ಮದುವೆಯಾದ ಹೊಸತರಲ್ಲಿ ಎಲ್ಲಕ್ಕಿಂತ ಒಳಗಿನ ಗೆರೆ. ಮಗು ಆದ ಮೇಲೆ ಒಂದು ಬಿಚ್ಚಿದರು. ಎರಡನೇ ಮಗುವಿಗೆ ಇನ್ನೊಂದು. ಕಾಯಿಲೆ ಬಿದ್ದು ಮೈ ಇಳಿದಾಗ ಮತ್ತೆ ಒಳಗೆ ಹೊಲಿದರು. ಯಾರೂ ಡೈರಿ ಬರೆಯದ ಹೆಂಗಸಿನ ಜೀವನ ಆ ಒಂದೂವರೆ ಇಂಚು ಮಾರ್ಜಿನ್ನಿನಲ್ಲಿ ಉಂಟು. ಕಂಕುಳ ಕೆಳಗೆ ಒಂದು ತ್ರಿಕೋನ ಜಾಯಿಂಟ್ ಕಂಡರೆ ಬಟ್ಟೆ ಸಾಲಲಿಲ್ಲ ಅಂತ ಅರ್ಥ. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಸರಕಾರ ಬಟ್ಟೆಗೆ ಕಂಟ್ರೋಲ್ ತಂದಿತ್ತು. ಆ ಕಾಲದ ಟೈಲರ್ ತುಂಡಿಗೆ ತುಂಡು ಸೇರಿಸುವುದರಲ್ಲೇ ಜಾಣತನ ತೋರಿಸಬೇಕಿತ್ತು.

ಹೋಗ್ತಾ ಇರುವುದು ಎಂತ

ಹಂಪನಕಟ್ಟೆ, ರಥಬೀದಿ, ಕಂಕನಾಡಿ, ಎಲ್ಲಿ ಬೇಕಾದರೂ ನೋಡಿ. ಮೂವತ್ತು ನಲವತ್ತು ವರ್ಷ ಹೊಲಿದ ಟೈಲರ್‌ಗಳಿಗೆ ಈಗ ಕಣ್ಣು ಮಂಜು, ಸೊಂಟ ನೋವು. ಮಕ್ಕಳು ಈ ಕೆಲಸಕ್ಕೆ ಬರಲಿಲ್ಲ. ಬರಬೇಕು ಅಂತ ಹೇಳುವ ಧೈರ್ಯ ನನಗೂ ಇಲ್ಲ. ಪಿಂಚಣಿ ಇಲ್ಲ, ಪಿ.ಎಫ್. ಇಲ್ಲ. ಕ್ಷೇಮನಿಧಿ ಬೇಕು ಅಂತ ಟೈಲರ್‌ಗಳ ಸಂಘಟನೆಗಳು ಕೇಳ್ತಾ ಬಂದಿವೆ. ಹಳೇ ಫ್ಯಾಷನ್ ಚಂದ ಅನ್ನುವ ನಾವು ಅದನ್ನು ಹೊಲಿದ ಕೈಯ ಬಗ್ಗೆ ಮಾತಾಡದಿದ್ದರೆ ಅದು ನ್ಯಾಯ ಅಲ್ಲ.

ಅಂಗಡಿ ಮುಚ್ಚುವಾಗ ಮೆಷಿನ್ನಿಗೆ ಗಿರಾಕಿ ಸಿಗ್ತಾರೆ. ಅಳತೆ ಪುಸ್ತಕ ಮಾತ್ರ ಗುಜರಿಗೆ ಹೋಗ್ತದೆ. ಆ ಉದ್ದ ಪುಸ್ತಕದಲ್ಲಿ ದಿನಾಂಕ, ಎದೆ, ಸೊಂಟ, ಉದ್ದ, ಕೈ, ಪಕ್ಕದಲ್ಲಿ ಪಿನ್ನು ಹೊಡೆದ ಬಟ್ಟೆಯ ಚೂರು. ಯಾವ ವರ್ಷ ಯಾವ ಬಟ್ಟೆ ಓಡಿತು, ಕುತ್ತಿಗೆ ಎಷ್ಟು ಇಳೀತು, ಕೈ ಎಷ್ಟು ಏರಿತು, ಎಲ್ಲ ಅದರಲ್ಲಿ ಉಂಟು. ನೆನಪಿರಲಿ, ಅದರಲ್ಲಿ ಜನರ ಹೆಸರು, ಮೈ ಅಳತೆ ಇರ್ತದೆ. ಅದನ್ನು ಫೋಟೋ ಹೊಡೆದು ಫೇಸ್‌ಬುಕ್ಕಿಗೆ ಹಾಕುವುದು ಬೇಡ. ಹೆಸರು ಮುಚ್ಚಿ ಇಟ್ಟುಕೊಳ್ಳಬಹುದು.

ಮನೆಯಲ್ಲೇ ಪ್ಯಾಟರ್ನ್ ತೆಗೆಯುವುದು ಹೇಗೆ

ಈಗ ಕೆಲಸದ ಮಾತು. ಹಳೇ ರವಿಕೆ ಸಿಕ್ಕಿದರೆ ಹೊಲಿಗೆ ಬಿಚ್ಚಬೇಡಿ. ಬಿಚ್ಚಿದರೆ ಹಳೇ ಬಟ್ಟೆ ಹರೀತದೆ, ಆಮೇಲೆ ಸೇರಿಸುವಾಗ ಹೇಗಿತ್ತು ಅಂತ ಗೊತ್ತಾಗುದಿಲ್ಲ. ಮೊದಲು ಒಳಗೆ, ಹೊರಗೆ, ಎರಡೂ ಕಡೆ ಫೋಟೋ ತೆಗೀರಿ. ಪಕ್ಕದಲ್ಲಿ ಟೇಪ್ ಇಟ್ಟು ತೆಗೆದರೆ ಒಳ್ಳೇದು.

ಆಮೇಲೆ ಮೇಜಿನ ಮೇಲೆ ದಪ್ಪ ಬೆಡ್‌ಶೀಟ್ ಮಡಚಿ ಹಾಕಿ, ಅದರ ಮೇಲೆ ಬ್ರೌನ್ ಪೇಪರ್, ಅದರ ಮೇಲೆ ರವಿಕೆ. ಬೆನ್ನಿನ ಅರ್ಧ ಭಾಗ ಸಾಕು, ಇನ್ನರ್ಧ ಅದೇ ಅಲ್ವಾ. ಬಟ್ಟೆಯ ಎಳೆ ನೇರ ಇರಲಿ, ಎಳೆದು ಹಿಗ್ಗಿಸಬೇಡಿ. ಹೊಲಿಗೆಯ ಗೆರೆಯ ಮೇಲೆ ಅರ್ಧ ಇಂಚಿಗೊಂದು ಗುಂಡುಪಿನ್ನು ಚುಚ್ಚಿ. ರವಿಕೆ ತೆಗೆದ ಮೇಲೆ ಕಾಗದದಲ್ಲಿ ತೂತಿನ ಸಾಲು ಕಾಣ್ತದೆ, ಅದನ್ನು ಪೆನ್ಸಿಲ್ಲಿನಲ್ಲಿ ಸೇರಿಸಿ. ತೂತಿನಿಂದ ಪ್ಯಾಟರ್ನ್, ಆಗಲೇ ಹೇಳಿದ ಹಳೇ ಅಮೆರಿಕನ್ ಕಾಗದದ ಹಾಗೆಯೇ.

ಮುಂದಿನ ಭಾಗ ಕಷ್ಟ. ಡಾಟ್ ಇರುವ ಕಾರಣ ಅದು ಚಪ್ಪಟೆ ಮಲಗುದಿಲ್ಲ. ಡಾಟಿನವರೆಗೆ ಒಂದು ಸಲ ಗುರುತು ಮಾಡಿ, ಆಮೇಲೆ ಕಾಗದದ ಮೇಲೆ ಬಟ್ಟೆ ಸ್ವಲ್ಪ ತಿರುಗಿಸಿ ಉಳಿದದ್ದು ಗುರುತು ಮಾಡಿ. ಮಧ್ಯೆ ಉಳಿಯುವ ತ್ರಿಕೋನ ಜಾಗವೇ ಡಾಟ್. ಡಾಟಿನ ತುದಿ ಎಲ್ಲಿಗೆ ಬಂತು ಅಂತ ಬೇರೆ ಗುರುತು ಹಾಕಿ.

ತೋಳು ಆದ ಮೇಲೆ ಒಂದು ಪರೀಕ್ಷೆ ಮಾಡಿ. ತೋಳಿನ ಮೇಲಿನ ಬಾಗು ಗೆರೆಯನ್ನು ಟೇಪಿನಿಂದ ಅಳೆಯಿರಿ, ಮುಂದಿನ ಹಿಂದಿನ ಕಂಕುಳ ಗೆರೆ ಸೇರಿಸಿ ಅಳೆಯಿರಿ. ಸಾದಾ ತೋಳಾದರೆ ಎರಡೂ ಹತ್ತಿರ ಹತ್ತಿರ ಬರಬೇಕು. ಪಫ್ ಆದರೆ ನೆರಿಗೆಯ ಬಟ್ಟೆ ಎಷ್ಟೋ ಅಷ್ಟು ತೋಳಿನ ಗೆರೆ ಹೆಚ್ಚು ಇರ್ತದೆ. ನೆರಿಗೆ ಎಷ್ಟು, ಯಾವ ಕಡೆ ತಿರುಗಿದೆ ಅಂತ ಬರೆದಿಡಿ. ಮಾರ್ಜಿನ್ ಬೇರೆ ಬಣ್ಣದಲ್ಲಿ ಬರೀರಿ. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಹೊಲಿದು ನೋಡಿ, ಆಮೇಲೆ ರೇಷ್ಮೆಗೆ ಕತ್ತರಿ ಹಾಕಿ. ಅಜ್ಜಿಯ ಮೈಯೂ ನಿಮ್ಮ ಮೈಯೂ ಒಂದೇ ಅಲ್ಲ. ಕಟ್ಟಿಂಗ್ ಅಜ್ಜಿಯದ್ದು ಇರಲಿ, ಅಳತೆ ನಿಮ್ಮದು ಹಾಕಿ.

ಕೊನೆಗೆ ಆ ಕಾಗದದ ಮೇಲೆ ನಾಲ್ಕು ಸಾಲು ಬರೀರಿ: ಯಾರ ರವಿಕೆ, ಸುಮಾರು ಯಾವ ವರ್ಷ, ಯಾವ ಊರಲ್ಲಿ ಹೊಲಿಸಿದ್ದು, ಯಾರು ಹೊಲಿದದ್ದು. ಸೀರೆಯ ಅಂಗಡಿಯ ಹೆಸರು ನಮಗೆಲ್ಲ ನೆನಪಿರ್ತದೆ. ಹೊಲಿದವರ ಹೆಸರು ಯಾರೂ ಬರೆಯುವುದಿಲ್ಲ. ಆ ನಾಲ್ಕನೇ ಸಾಲು ಬಿಡಬೇಡಿ.

ಈ ಭಾನುವಾರ ಕಪಾಟು ತೆಗೆದಾಗ ಹಳೇ ಬ್ಲೌಸ್ ಸಿಕ್ಕಿದರೆ ಒರೆಸುವ ಬಟ್ಟೆಯ ರಾಶಿಗೆ ಹಾಕುವ ಮುಂಚೆ ಒಮ್ಮೆ ತಿರುಗಿಸಿ ಒಳಬದಿ ನೋಡಿ. ನಿಮ್ಮ ಟೈಲರ್ ಅಣ್ಣ, ಟೈಲರ್ ಅಕ್ಕನ ಹತ್ತಿರ ಅರ್ಧ ಗಂಟೆ ಕೂತು, ಅವರು ಕಲಿತ ಮೊದಲ ಕಟ್ಟಿಂಗ್ ಯಾವುದು ಅಂತ ಕೇಳಿ. ಮತ್ತೆ ಮುಂದಿನ ಸಲ ಮಜೂರಿ ಹೇಳಿದಾಗ ಚೌಕಾಸಿ ಮಾಡಬೇಡಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಮತ್ತೆ ಸಿಗುವ.